ಉಗಿಬಂಡಿಯೂ ಮುಚ್ಚಿದ ಬೆಟ್ಟವೂ

ಇಂಗ್ಲೆಂಡಿನ ಉತ್ತರಭಾಗದಲ್ಲಿ ಮ್ಯಾಂಚೆಸ್ಟರ್, ಷೆಫೀಲ್ಡ್ ಎಂಬ ಎರಡು ದೊಡ್ಡ ನಗರಗಳಿವೆ. ಮೊದಲನೆಯದು ಹತ್ತಿಯ ಬಟ್ಟೆಯಿಂದಲೂ ಎರಡನೆಯದು ಉಕ್ಕಿನಿಂದಲೂ ಜಗದ್ವಿಖ್ಯಾತವಾದುವು. ಇವೆರಡರ ನಡುವೆ ಕಿಂಡರ್ ಸ್ಕೌಟ್ ಎಂಬ ಪ್ರಸ್ಥಭೂಮಿಯೊಂದಿದೆ. ಸಮುದ್ರಮಟ್ಟದಿಂದ ಅದರ ಎತ್ತರ 2,087 ಅಡಿ. ನಮ್ಮ ನಂದಿಬೆಟ್ಟದ ಅರ್ಧಕ್ಕೂ ಕಡಮೆ. ಕರಿಯ ಜವುಗುಮಣ್ಣು, ಹೆದರ್ ಎಂಬ ಕುರುಚಲು ಗಿಡ, ಬೀಸುವ ಗಾಳಿ, ಸುರಿಯುವ ಮಳೆ, ಇಷ್ಟೇ ಅಲ್ಲಿನ ಸಂಪತ್ತು. ಇಂಥ ಬರಡು ಬೆಟ್ಟದ ಮೇಲೆ ನಡೆಯಹೋಗಿ 1932ರಲ್ಲಿ ಐವರು ಯುವಕರು ಸೆರೆಮನೆಯನ್ನು ಸೇರಿದರು. ಅದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ರೈಲುದಾರಿಯಿಂದಲೇ ಮೊದಲುಮಾಡಬೇಕು.

1868ರಲ್ಲಿ ಈ ಬೆಟ್ಟದ ಪಶ್ಚಿಮದ ಬುಡದಲ್ಲಿರುವ ಹೇಫೀಲ್ಡ್ ಗ್ರಾಮಕ್ಕೆ ರೈಲಿನ ಕವಲುದಾರಿಯೊಂದು ಬಂದಿತು. 1894ರಲ್ಲಿ ಮ್ಯಾಂಚೆಸ್ಟರಿಗೂ ಷೆಫೀಲ್ಡಿಗೂ ನಡುವೆ ಮತ್ತೊಂದು ದಾರಿ ತೆರೆಯಲು, ದಕ್ಷಿಣದ ಬುಡದಲ್ಲಿರುವ ಈಡೇಲ್ ಕಣಿವೆಗೂ ನಿಲ್ದಾಣವಾಯಿತು. ಹೊಗೆ ಕವಿದ ಬೀದಿಗಳಲ್ಲಿ ವಾರವೆಲ್ಲ ದುಡಿದು ಬಳಲಿದ ಕಾರ್ಮಿಕನಿಗೆ ಇದು ಎಂಥ ವರವಾಗಿರಬೇಕೆಂದು ಊಹಿಸಬಹುದು. ಅವನಿಗೆ ಕುದುರೆಗಾಡಿಯಿಲ್ಲ, ಹಳ್ಳಿಯಲ್ಲಿ ಬಂಗಲೆಯಿಲ್ಲ. ಇದ್ದುದು ಭಾನುವಾರವೊಂದು ಮಾತ್ರ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಮೂರನೆಯ ತರಗತಿಯ ಟಿಕೀಟು ಕೊಂಡರೆ ತುಸುಹೊತ್ತಿನಲ್ಲಿ ಬೆಟ್ಟದ ತಪ್ಪಲು. ಕಾಲ್ನಡಿಗೆಯವರಿಗಾಗಿ ರೈಲ್ವೆ ಕಂಪೆನಿಗಳು ಅಗ್ಗದ ಟಿಕೀಟುಗಳನ್ನು ಕೂಡ ಹೊರಡಿಸಿದುವು. ಅವನ್ನು ಕೊಂಡವನು ಒಂದು ನಿಲ್ದಾಣದಲ್ಲಿಳಿದು, ಬೆಟ್ಟ ಕಣಿವೆಗಳನ್ನು ದಾಟಿ, ಇನ್ನೊಂದು ನಿಲ್ದಾಣದಿಂದ ಮನೆಗೆ ಮರಳಬಹುದಾಗಿದ್ದಿತು. ನಡೆಯುವವನ ಮನಸ್ಸನ್ನು ಇಷ್ಟು ಚೆನ್ನಾಗಿ ಬಲ್ಲ ಟಿಕೀಟು ಮತ್ತೊಂದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗುವುದು ಯಾವ ಸಂಚಾರಿಗೆ ತಾನೆ ಇಷ್ಟ?

ಆದರೆ ಟಿಕೀಟು ಅವನನ್ನು ಒಯ್ಯುತ್ತಿದ್ದುದು ನಿಲ್ದಾಣದವರೆಗೆ ಮಾತ್ರ. ಹಿಂದೆ ಊರವರೆಲ್ಲರೂ ದನಕುರಿಗಳನ್ನು ಮೇಯಿಸುತ್ತಿದ್ದ ಆ ಬೆಟ್ಟ 19ನೆಯ ಶತಮಾನದ ಮೊದಲ ಭಾಗದಲ್ಲಿ ಕೆಲವೇ ಜಮೀನುದಾರರ ಸ್ವತ್ತಾಗಿ ಹೋಗಿದ್ದಿತು. ಅವರಲ್ಲಿ ಡೆವನ್‌ಷೈರಿನ ಡ್ಯೂಕರ ಮನೆತನ ಮುಖ್ಯವಾದುದು. ಅಲ್ಲಿ ಗ್ರೌಸ್ ಎಂಬ ಕಾಡುಕೋಳಿಯನ್ನು ಸಾಕಿ, ವರ್ಷಕ್ಕೆ ಕೆಲವು ದಿನ ಬೇಟೆಯಾಡುವುದು ಒಡೆಯರ ವಿನೋದ. ಹಕ್ಕಿ ಬೆದರೀತೆಂದು ವರ್ಷವಿಡೀ ಕಾವಲು. ನಮ್ಮ ಕಡೆ ಬೆಟ್ಟವೆಂದರೆ ಮೇಲೊಂದು ಗುಡಿ, ಅದಕ್ಕೊಂದು ಮೆಟ್ಟಿಲು. ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲನ್ನೇರಿ ಚಾಮುಂಡೇಶ್ವರಿಯ ದರ್ಶನಕ್ಕೆ ಹೊರಟವನನ್ನು, ಇದು ಯಾರ ಜಮೀನೆಂದು ಬಲ್ಲೆಯಾ ಎಂದು ತಡೆದು ಕೇಳುವವರಿಲ್ಲ. ಆದಕಾರಣ ಆ ಇಂಗ್ಲಿಷ್ ಕಾರ್ಮಿಕನ ಸಂಕಟ ನಮಗೆ ಒಮ್ಮೆಗೇ ಹೊಳೆಯಲಾರದು.

ಮೊದಲು ಸಂಘಗಳು ಹುಟ್ಟಿದುವು. ಪ್ರಾಚೀನ ಕಾಲುದಾರಿಗಳ ರಕ್ಷಣೆಗಾಗಿ ಮ್ಯಾಂಚೆಸ್ಟರಿನಲ್ಲಿ 1826ರಷ್ಟು ಹಿಂದೆಯೇ ಒಂದು ಸಂಘವಿದ್ದಿತು. ಇದೇ ಉದ್ದೇಶದಿಂದ 1894ರಲ್ಲಿ ಸ್ಥಾಪಿತವಾದ ಇನ್ನೊಂದು ಸಂಘದ ಪ್ರಯತ್ನದ ಫಲವಾಗಿ, 1897ರಲ್ಲಿ ಹೇಫೀಲ್ಡಿನಿಂದ ಕಿಂಡರಿನ ಅಂಚನ್ನು ಹಾದು ಹೋಗುವ ಒಂದು ದಾರಿ ಸಾರ್ವಜನಿಕರಿಗೆ ತೆರೆಯಿತು. ಬೆಟ್ಟವಲ್ಲ, ದಾರಿ ಮಾತ್ರ. ಎಡಬಲಗಳಿಗೆ ಕಾಲಿಟ್ಟರೆ ಅತಿಕ್ರಮಣ. 1900ರಲ್ಲಿ ವಾರ್ಡ್ ಎಂಬವರು ಷೆಫೀಲ್ಡಿನಲ್ಲಿ ಕಾರ್ಮಿಕರ ನಡಿಗೆಯ ಸಂಘವೊಂದನ್ನು ಆರಂಭಿಸಿ, ಮೊದಲ ಸಂಚಾರಕ್ಕೆ ಕೆಲವರನ್ನು ರೈಲಿನಲ್ಲಿ ಈಡೇಲಿಗೆ ಕರೆತಂದು ಕಿಂಡರನ್ನು ಸುತ್ತಿಸಿದರು.

ಇನ್ನು 1932ರ ಏಪ್ರಿಲ್ 24ನೆಯ ತಾರೀಖು, ಭಾನುವಾರ. ಬೆನ್ನಿ ರಾತ್‌ಮನ್ ಎಂಬ 20 ವರ್ಷದ ತರುಣ, ಮೋಟಾರು ರಿಪೇರಿಯ ಕೆಲಸ ಬಲ್ಲವನು, ಅಂದು ನಿರುದ್ಯೋಗಿ, ಬೆಟ್ಟವನ್ನು ಎಲ್ಲರೂ ಕೂಡಿ ಹತ್ತೋಣವೆಂದು ಮೊದಲೇ ಪ್ರಕಟಿಸಿದ್ದನು. ಅವನನ್ನು ತಡೆಯಲು ಪೊಲೀಸರು ಮ್ಯಾಂಚೆಸ್ಟರಿನ ರೈಲು ನಿಲ್ದಾಣದಲ್ಲಿ ಕಾದಿರುವರೆಂಬ ಸುದ್ದಿ ಬರಲು, ಅವನು ಬೈಸಿಕಲ್ಲು ತುಳಿದುಕೊಂಡು ಹೇಫೀಲ್ಡಿಗೆ ಬಂದನು! ಊರೊಳಗೆ ಸಭೆ ಕೂಡುವುದಕ್ಕೆ ನಿಷೇಧವಿದ್ದುದರಿಂದ ಹತ್ತಿರದ ಹಳೆಯ ಕಲ್ಲುಗಣಿಯಲ್ಲಿ ನಿಂತು ಭಾಷಣ ಮಾಡಿದನು. ಸುಮಾರು 400 ಜನರು ಹೊರಟರು. 1897ರ ದಾರಿಯಲ್ಲಿ ಸ್ವಲ್ಪ ದೂರ ಸಾಗಿ, ಸೀಟಿಯ ಸೂಚನೆಯಾಗಲು ದಾರಿಯನ್ನು ಬಿಟ್ಟು ಇಳುಕಲನ್ನು ಏರತೊಡಗಿದರು. ದೊಣ್ಣೆ ಹಿಡಿದ ಕಾವಲುಗಾರರೊಡನೆ ತಳ್ಳಾಟವಾಯಿತು; ಕಾವಲುಗಾರನೊಬ್ಬನ ಪಾದ ಉಳುಕಿತು. ಮೇಲೆ ಈಡೇಲಿನ ಕಡೆಯಿಂದ ಬಂದ ಷೆಫೀಲ್ಡಿನವರನ್ನು ಕಂಡು ಸಂತೋಷಪಟ್ಟು ಎಲ್ಲರೂ ಇಳಿದರು. ಬೆಟ್ಟದ ತುತ್ತತುದಿಯನ್ನು ಅವರು ಮುಟ್ಟಲೇ ಇಲ್ಲ.

ಆ ದಿನ ಆರು ಜನರು ಬಂಧಿತರಾದರು. ಪರರ ನೆಲವನ್ನು ಮೆಟ್ಟುವುದು ಮಾತ್ರದಿಂದಲೇ ಅಪರಾಧವಾಗುತ್ತಿರಲಿಲ್ಲವಾಗಿ, ಅವರ ಮೇಲೆ ದೊಂಬಿ ಮೊದಲಾದ ಆಪಾದನೆಗಳನ್ನು ಹೊರಿಸಲಾಯಿತು. ಡಾರ್ಬಿಯ ನ್ಯಾಯಸ್ಥಾನದಲ್ಲಿ ವಿಚಾರಣೆಗೆ ಅಪ್ಪಣೆಯಿತ್ತ ಪಂಚರಾದರೂ ಯಾರು? ಹಳ್ಳಿಗಾಡಿನ ಶ್ರೀಮಂತರು, ಸೈನ್ಯದ ಅಧಿಕಾರಿಗಳು. ರಾತ್‌ಮನ್ ತನ್ನ ಪಕ್ಷವನ್ನು ತಾನೇ ವಾದಿಸಿದನು. ಒಬ್ಬನು ಬಿಡುಗಡೆಯಾದನು, ಉಳಿದ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಶಿಕ್ಷೆ, ರಾತ್‌ಮನ್ನನಿಗೆ ನಾಲ್ಕು ತಿಂಗಳು.

ಬೆಟ್ಟವನ್ನು ತೆರೆಸಿದುದು ಈ ಏರಾಟವೇ, ಅಥವಾ ಸಂಘಗಳ ದೀರ್ಘಪ್ರಯತ್ನವೇ ಎಂಬ ವಿವಾದ ಇಂದಿಗೂ ಮುಗಿದಿಲ್ಲ. ಅಂದಿನ ಪ್ರತಿಷ್ಠಿತ ನಡಿಗೆಯ ಸಂಘಗಳು ಈ ಸಾಹಸವನ್ನು ಖಂಡಿಸಿದುವು. ಉತ್ತರ ಇಂಗ್ಲೆಂಡಿನ ಉದ್ದಕ್ಕೂ ಒಂದು ಕಾಲುದಾರಿ ಬೇಕೆಂದು 1935ರಲ್ಲಿ ಪತ್ರಿಕೆಯಲ್ಲಿ ಬರೆದ ಟಾಮ್ ಸ್ಟೀಫನ್‌ಸನ್ನರು ಕೂಡ ಇದರ ಫಲವನ್ನು ದೊಡ್ಡದೆಂದು ಎಣಿಸಿದವರಲ್ಲ. ಏರಾಟಕ್ಕಿಂತಲೂ ಶಿಕ್ಷೆಯೇ ಹೆಚ್ಚು ಕೆಲಸ ಮಾಡಿತೆಂದು ನನಗೆ ತೋರುತ್ತದೆ. ನಡೆದವನಿಗೆ ಸೆರೆವಾಸವೆಂದರೆ, ಅಂಥವರ ರೀತಿಯನ್ನು ಒಪ್ಪದವರ ಮನಸ್ಸೂ ಕದಡುವುದು ಸಹಜವಷ್ಟೆ.

ಮುಂದಿನದು ಕಾನೂನುಗಳ ಸಂಗತಿ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನ ಬಂದಿತು. 1951ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಇದೇ ಬೆಟ್ಟಗಳ ಸೀಮೆಯಲ್ಲಿ ಸ್ಥಾಪಿತವಾಯಿತು. 1965ರಲ್ಲಿ ಸ್ಟೀಫನ್‌ಸನ್ನರು ಬಯಸಿದ ದಾರಿ, ಈಡೇಲಿನಿಂದ ಮೊದಲಾಗಿ ಸ್ಕಾಟ್ಲೆಂಡಿನ ಗಡಿಯನ್ನು ದಾಟುವವರೆಗೆ, ತೆರೆಯಿತು. ಗುಡ್ಡಗಾಡು, ಬಯಲುಗಳ ಮೇಲೆ ಕಾಲುದಾರಿಯ ಹಂಗಿಲ್ಲದೆ ನಡೆಯುವ ಹಕ್ಕನ್ನು ಇಂಗ್ಲೆಂಡ್ ವೇಲ್ಸುಗಳಿಗೆ ಕೊಟ್ಟ ಶಾಸನ 2000ದಲ್ಲಿ ಆಯಿತು. 2002ರಲ್ಲಿ, ಏರಾಟದ 70ನೆಯ ವಾರ್ಷಿಕೋತ್ಸವಕ್ಕೆ ಬಂದ ಅಂದಿನ ಡೆವನ್‌ಷೈರಿನ ಡ್ಯೂಕರು, ತಮ್ಮ ಅಜ್ಜನವರ ಕಾಲದ ಆ ನಡೆವಳಿಕೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಷ್ಟರೊಳಗೆ ರೈಲಿನ ಗತಿಯೇನಾಯಿತು? 1960ರ ದಶಕದಲ್ಲಿ ಆ ದೇಶದಲ್ಲಿ ಲಾಭವಿಲ್ಲದ ಕವಲುದಾರಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. 1970ರಲ್ಲಿ ಹೇಫೀಲ್ಡಿನ ಸರದಿ ಬಂದಿತು. ಬೆಟ್ಟ ಬಡವನಿಗೆ ತೆರೆಯುತ್ತಿದ್ದ ಕಾಲದಲ್ಲೇ, ಅವನನ್ನು ಅಲ್ಲಿಗೆ ಕರೆತರುತ್ತಿದ್ದ ಬಂಡಿ ನಿಂತಿತು. ಸ್ವಂತ ಮೋಟಾರುಳ್ಳವನಿಗೆ ಇದು ಲೆಕ್ಕಕ್ಕಿಲ್ಲ. ಇಲ್ಲದವನಿಗೆ ಹಕ್ಕಿನ ಕಾಗದವೊಂದು ಉಳಿದು ದಾರಿ ದೂರವಾಯಿತು. ಈಡೇಲಿನ ನಿಲ್ದಾಣ ಮಾತ್ರ ಉಳಿದುಕೊಂಡಿದೆ. ಎರಡು ನಗರಗಳಿಂದಲೂ ಅಲ್ಲಿಗೆ ರೈಲು ಈಗಲೂ ಓಡುತ್ತದೆ. ಹೇಫೀಲ್ಡಿನ ಕಂಬಿಗಳನ್ನು ಕಿತ್ತ ಮೇಲೆ ಆ ನೆಲವನ್ನು ಕಾಲುದಾರಿಯಾಗಿ ಮಾರ್ಪಡಿಸಲಾಯಿತು. ಇಂದು ನ್ಯೂ ಮಿಲ್ಸ್ ನಿಲ್ದಾಣದಲ್ಲಿ ಇಳಿದವರು, 1932ರಲ್ಲಿ ಹುಡುಗರನ್ನು ಹೊತ್ತ ಬಂಡಿ ಓಡಿದ ಜಾಡಿನಲ್ಲೇ ಎರಡೂವರೆ ಮೈಲಿಯಷ್ಟು ನಡೆದು ಹೇಫೀಲ್ಡನ್ನು ಸೇರಿ, ಅಲ್ಲಿಂದ ಬೆಟ್ಟವನ್ನು ಹತ್ತುತ್ತಾರೆ.