ಸೊಸೈಟಿಯ ಬೇರು ಹುಡುಕುತ್ತಾ: ರೈಫೈಸನ್ ಅನ್ನೋ ಜರ್ಮನ್ ಅಧಿಕಾರಿಯ ಕತೆ

ಗೊಬ್ಬರಕ್ಕೆ, ಬೆಳೆಸಾಲಕ್ಕೆ ಅಂತ ನಾವೆಲ್ಲ ಸೊಸೈಟಿ ಮೆಟ್ಟಿಲು ಹತ್ತೋರೇ. ಈ ಸೊಸೈಟಿಯ ಬೇರು ಹುಡುಕುತ್ತಾ ಹೋದರೆ ಜರ್ಮನಿಯ ಒಂದು ಬಡ ಗುಡ್ಡಗಾಡು ಸೀಮೆಗೆ ಹೋಗಿ ನಿಲ್ಲುತ್ತೆ. ಅಲ್ಲಿ ಸಿಗೋದು ಯಾವ ಕ್ರಾಂತಿಕಾರಿಯೂ ಅಲ್ಲ, ಕಣ್ಣು ಸರಿಯಿಲ್ಲದ ಒಬ್ಬ ಸರ್ಕಾರಿ ನೌಕರರು. ಹೆಸರು ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್. ಬೆಳೆ ಹೋದ ವರ್ಷ, ಹಸು ಸತ್ತ ವರ್ಷ ರೈತನನ್ನ ಯಾರು ಕಾಯಬೇಕು? ಸರ್ಕಾರವಾ, ದಾನಿಗಳಾ, ಇಲ್ಲಾ ನಾವುನಾವೇನಾ? ಈ ಪ್ರಶ್ನೆಗೆ ಉತ್ತರ ಸಿಗೋಕೆ ಅವರಿಗೆ 18 ವರ್ಷ ಹಿಡೀತು.

ಹುಟ್ಟಿದ್ದು 1818ರ ಮಾರ್ಚ್ 30, ಸೀಗ್ ನದಿ ದಡದ ಹಾಮ್ ಅನ್ನೋ ಊರಲ್ಲಿ. 17ನೇ ವಯಸ್ಸಿಗೆ ಸೈನ್ಯ ಸೇರಿದರು. ಕಣ್ಣಿನ ರೋಗ ಬಂದು 1843ರಲ್ಲಿ ಸೈನ್ಯ ಬಿಡಬೇಕಾಯ್ತು. ಆಮೇಲೆ ಪ್ರಷ್ಯಾ ಸರ್ಕಾರದ ಕಚೇರಿ ಕೆಲಸ. 1845ರಲ್ಲಿ ವೈಯರ್‌ಬುಷ್‌ನ ಮೇಯರ್ ಆಗಿ ನೇಮಕವಾದರು. ಮೇಯರ್ ಅಂದ್ರೆ ಗೆದ್ದು ಬಂದವರು ಅಂದ್ಕೋಬೇಡಿ. ಇಪ್ಪತ್ತಕ್ಕೂ ಹೆಚ್ಚು ಹಳ್ಳಿ ನೋಡಿಕೊಳ್ಳೋ ಸರ್ಕಾರಿ ಹುದ್ದೆ, ನಮ್ಮ ನಾಡಕಚೇರಿಯ ಉಪ ತಹಸೀಲ್ದಾರರ ಥರ.

ಆ ಸೀಮೆಯ ಹೆಸರು ವೆಸ್ಟರ್‌ವಾಲ್ಡ್. ಚಳಿ ಜಾಸ್ತಿ, ಮಣ್ಣು ತೆಳು, ಹಿಡುವಳಿ ತುಂಡು ತುಂಡು. ಆಲೂಗಡ್ಡೆಗೆ ಕೊಳೆರೋಗ ಬಿದ್ದಿದ್ದ ಕಾಲ. 1846ರಲ್ಲಿ ಧಾನ್ಯವೂ ಕೈಕೊಡ್ತು. ಆ ಚಳಿಗಾಲ ಊರೂರಲ್ಲಿ ಹಸಿವು. ಸರ್ಕಾರ ಹಿಟ್ಟೇನೋ ಕಳಿಸ್ತು, ಜೊತೆಗೆ ಒಂದು ಆದೇಶವನ್ನೂ ಕಳಿಸ್ತು: ರೊಕ್ಕ ಕೊಟ್ಟವರಿಗೆ ಮಾತ್ರ. ರೊಕ್ಕ ಇದ್ದಿದ್ರೆ ಹಸಿವು ಯಾಕೆ ಬರ್ತಿತ್ತು? ರೈಫೈಸನ್ ಆದೇಶ ಮೀರಿ ಬಡವರಿಗೆ ಹಿಟ್ಟನ್ನ ಸಾಲವಾಗಿ ಕೊಡಿಸಿದರು. ಆಮೇಲೆ ಅನುಕೂಲಸ್ಥರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ಊರಿಗೊಂದು ಒಲೆಮನೆ ಕಟ್ಟಿಸಿ ರೊಟ್ಟಿ ಸುಡಿಸಿದರು. ಪೇಟೆಗಿಂತ ಬಹಳ ಕಮ್ಮಿ ಬೆಲೆ, ಅದೂ ಕಡಕ್ಕೆ.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗ. ಅಲ್ಲಿ ಕಂಡದ್ದು ದನದ ವ್ಯವಹಾರ. ಸಣ್ಣ ರೈತನಿಗೆ ಹಸು ಅಂದ್ರೆ ಹಾಲೂ ಹೌದು, ಗೊಬ್ಬರವೂ ಹೌದು, ಎಷ್ಟೋ ಕಡೆ ಉಳುಮೆಯೂ ಹೌದು. ಹಸು ಕೊಳ್ಳೋ ಶಕ್ತಿ ಇಲ್ಲದವನಿಗೆ ವ್ಯಾಪಾರಿ ಪಾಲಿಗೆ ಹಸು ಬಿಡ್ತಿದ್ದ. ಮೇಯಿಸೋದು ರೈತ, ಹಸು ವ್ಯಾಪಾರಿಯದ್ದೇ, ಕರುವಲ್ಲೂ ಪಾಲು. ಬೇಕಾದಾಗ ಬಂದು ಹಗ್ಗ ಬಿಚ್ಚಿಕೊಂಡು ಹೋಗ್ತಿದ್ದ. ಹಸು ಹೋದರೆ ಹೊಲವೂ ಹಿಂದೆಯೇ ಹೋಗ್ತಿತ್ತು. ಈ ಪಾಲಿನ ಲೆಕ್ಕ ನಮ್ಮ ಹಿರಿಯರಿಗೂ ಹೊಸದಲ್ಲ ಬಿಡಿ.

1849ರಲ್ಲಿ ಸುಮಾರು 60 ಜನ ಉಳ್ಳವರನ್ನ ಸೇರಿಸಿ ಸಂಘ ಮಾಡಿದರು. ಅವರೆಲ್ಲ ಒಟ್ಟಾಗಿ ಜಾಮೀನು ನಿಂತು ಹಣ ಎತ್ತಿದರು, ಹಸು ಕೊಂಡು ರೈತರಿಗೆ ಕೊಟ್ಟರು. ತೀರಿಸೋಕೆ ಐದು ವರ್ಷದ ಕಂತು.

1852ರಲ್ಲಿ ರೈನ್ ನದಿ ಹತ್ತಿರದ ಹೆಡ್ಡೆಸ್‌ಡಾರ್ಫ್‌ಗೆ ಬಂದರು. 1854ರಲ್ಲಿ ಅಲ್ಲೂ ಒಂದು ಧರ್ಮಸಂಘ. ಸಾಲ, ದನ, ಅನಾಥ ಮಕ್ಕಳು, ಜೈಲಿಂದ ಬಂದವರಿಗೆ ಕೆಲಸ, ಎಲ್ಲಾ ಒಂದೇ ಗಾಡಿಗೆ ಹೇರಿದ್ದಾಯ್ತು. ಕೆಲವು ವರ್ಷದಲ್ಲಿ ಕೊಡೋರ ಉತ್ಸಾಹ ಇಳೀತು. ಇಳಿಯದೆ ಏನು? ಜಾಮೀನು ಅವರದು, ಲಾಭ ಬೇರೆಯವರದು. ಸಾಲ ತಗೊಂಡವನಿಗೂ ಸಂಘ ತನ್ನದು ಅಂತ ಅನ್ನಿಸಲಿಲ್ಲ.

ರೈಫೈಸನ್ ದೊಡ್ಡತನ ಇಲ್ಲಿದೆ ನೋಡಿ. ದಾನದ ಮೇಲೆ ಅವರಿಗೆ ಅಪಾರ ನಂಬಿಕೆ, ಬಹಳ ದೈವಭಕ್ತರು. ಆದ್ರೂ ದಾನದಿಂದ ಸಂಘ ಉಳಿಯಲ್ಲ ಅಂತ ಒಪ್ಪಿಕೊಂಡು 1864ರಲ್ಲಿ ಅದನ್ನ ಸಾಲಸಂಘವಾಗಿ ಬದಲಿಸಿದರು. ಮುಂದೆ ಗಟ್ಟಿಯಾದ ನಿಯಮಗಳು ಇಷ್ಟೇ:

1. ಸಾಲ ಬೇಕಾದವನು ಸದಸ್ಯ ಆಗಲೇಬೇಕು.
2. ಸಂಘದ ವ್ಯಾಪ್ತಿ ಸಣ್ಣದಿರಲಿ, ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿ.
3. ಸಂಘದ ಸಾಲಕ್ಕೆ ಎಲ್ಲರೂ ತಮ್ಮ ಪೂರ್ತಿ ಆಸ್ತಿ ಸಮೇತ ಹೊಣೆ.
4. ಲೆಕ್ಕ ಬರೆಯುವವನಿಗೆ ಬಿಟ್ಟು ಯಾರಿಗೂ ಸಂಬಳ ಇಲ್ಲ.
5. ಲಾಭ ಹಂಚೋ ಹಾಗಿಲ್ಲ, ಯಾರೂ ಒಡೆಯಲಾಗದ ನಿಧಿಗೆ ಹೋಗಬೇಕು.

ಮೂರನೇದು ಓದಿದ್ರೆ ಎದೆ ಝಲ್ ಅನ್ನುತ್ತೆ ಅಲ್ವಾ? ಆದ್ರೆ ಶಕ್ತಿ ಇದ್ದದ್ದೂ ಅದರಲ್ಲೇ. ಪಕ್ಕದ ಮನೆಯವನು ಸಾಲದ ದುಡ್ಡಲ್ಲಿ ಎತ್ತು ತಂದನಾ, ಹೆಂಡದಂಗಡಿಗೆ ಹಾಕಿದನಾ ಅಂತ ಊರೇ ನೋಡ್ತಿತ್ತು. ಐದನೇದು ಕಷ್ಟಕಾಲದ ಗಂಟು. ನಮ್ಮ ಸೊಸೈಟಿ ಲೆಕ್ಕದಲ್ಲಿ ಅದಕ್ಕೆ ಆಪದ್ಧನ ನಿಧಿ ಅಂತಾರೆ. ಹೆಸರೇ ಹೇಳುತ್ತೆ.

ಆಗಲೇ ಇದಕ್ಕೆ ಆಕ್ಷೇಪವೂ ಇತ್ತು. ಪಟ್ಟಣದ ಕುಶಲಕರ್ಮಿಗಳ ಸಹಕಾರ ಸಂಘ ಕಟ್ಟಿದ್ದ ಶುಲ್ಟ್ಸೆ-ಡೆಲಿಟ್ಸ್ ಅನ್ನೋರು, ಷೇರು ಬಂಡವಾಳ ಇಲ್ಲದೆ ವರ್ಷಗಟ್ಟಲೆ ಸಾಲ ಕೊಡೋದು ಅಪಾಯ ಅಂತ ಜಗಳಕ್ಕೇ ನಿಂತರು. ನನಗೆ ಕಾಣೋ ಕಷ್ಟ ಇನ್ನೊಂದು. ಒಬ್ಬನ ಹಸು ಸತ್ತರೆ ಊರು ಹೊರುತ್ತೆ. ಇಡೀ ಊರಿಗೇ ಆಲಿಕಲ್ಲು ಬಿದ್ರೆ ಯಾರಿಗೆ ಯಾರು ಜಾಮೀನು? ಅದಕ್ಕೇ ಜರ್ಮನಿಯಲ್ಲಿ ಆಲಿಕಲ್ಲು ವಿಮೆ ಬೇರೆಯಾಗಿ ಬೆಳೀತು. ಮೆಕ್ಲೆನ್‌ಬರ್ಗ್ ಸೀಮೆಯ ರೈತರು 1797ರಲ್ಲೇ ಅಂಥ ಸಂಘ ಮಾಡ್ಕೊಂಡಿದ್ರು. ರೈಫೈಸನ್ ಕೂಡ 1872ರಲ್ಲಿ ನಾಯ್‌ವೀಡ್‌ನಲ್ಲಿ ಒಂದು ಮೇಲ್ಮಟ್ಟದ ಬ್ಯಾಂಕ್ ಶುರು ಮಾಡಿದರು, ಒಂದು ಹಳ್ಳಿಯಲ್ಲಿ ಉಳಿದ ಹಣ ಕೊರತೆ ಇರೋ ಇನ್ನೊಂದು ಹಳ್ಳಿಗೆ ಹೋಗಲಿ ಅಂತ.

ಇಷ್ಟು ಮಾಡಿದವರ ಮನೆ ಕತೆ ಸುಖದ್ದಲ್ಲ. 1863ರಲ್ಲಿ ಹೆಂಡತಿ ತೀರಿಕೊಂಡರು. 1865ರಲ್ಲಿ, 47ನೇ ವಯಸ್ಸಿಗೇ, ಆರೋಗ್ಯ ಕೆಟ್ಟು ನೌಕರಿ ಹೋಯ್ತು. ಸಣ್ಣ ಪಿಂಚಣಿ. ಕಣ್ಣು ಮಂಜಾಗುತ್ತಾ ಬಂತು, ಓದು ಬರಹಕ್ಕೆ ಮಗಳು ಅಮಾಲಿಯೇ ಆಸರೆ. ಸಾಲಸಂಘ ಕಟ್ಟೋದು ಹೇಗೆ ಅನ್ನೋ ಅವರ ಪುಸ್ತಕ 1866ರಲ್ಲಿ ಬಂತು. 1888ರ ಮಾರ್ಚ್ 11ಕ್ಕೆ ತೀರಿಕೊಂಡಾಗ ಅವರ ದಾರಿ ಹಿಡಿದ ಸಂಘಗಳು 400 ದಾಟಿದ್ದವು.

ಅದು ನಮ್ಮ ಕಡೆ ಬಂದದ್ದು ಹೀಗೆ. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಸಾಲಸಂಘಗಳನ್ನ ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ವರದಿ ಕೊಟ್ಟರು. ನಮಗೂ ರೈಫೈಸನ್‌ರಂಥವರು ಬೇಕು ಅನ್ನೋದೇ ಅದರ ತಾತ್ಪರ್ಯ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಹಳ್ಳಿ ಸಂಘಕ್ಕೆ ಅದರಲ್ಲಿದ್ದದ್ದೂ ಪೂರ್ತಿ ಹೊಣೆಯ ನಿಯಮವೇ. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಸಹಕಾರಿ ಸಂಘಗಳಲ್ಲಿ ಒಂದನ್ನ ಕಟ್ಟಿದರು.

ಈಗ ನಾವು ಸೊಸೈಟಿ ಅಂದ್ರೆ ಸರ್ಕಾರದ ಕೌಂಟರ್ ಅಂದ್ಕೊಂಡಿದ್ದೀವಿ. ಮನ್ನಾ ಆಗುತ್ತಾ ಅಂತ ಕೇಳ್ತೀವಿ, ಲೆಕ್ಕ ಕೇಳಲ್ಲ. ಪೂರ್ತಿ ಆಸ್ತಿಯ ಹೊಣೆ ಮತ್ತೆ ಬರಲಿ ಅಂತ ನಾನು ಹೇಳ್ತಿಲ್ಲ. ಈ ಸಲದ ವಾರ್ಷಿಕ ಮಹಾಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ನಮ್ಮ ಆಪದ್ಧನ ನಿಧಿಯಲ್ಲಿ ಎಷ್ಟಿದೆ? ಸುಸ್ತಿ ಎಷ್ಟು, ಯಾರ್ಯಾರದು? ಉತ್ತರ ಸಿಕ್ಕಿದ್ರೆ ಕೆಳಗೆ ಬರೀರಿ, ಊರೂರಿನದ್ದು ಹೋಲಿಸಿ ನೋಡೋಣ.