ಅಳಿಯಕಟ್ಟು ಮತ್ತು ಮರೆವಿನ ಮುಪ್ಪು

ದೇವಪಾಂಡ್ಯನ ಹಡಗುಗಳ ಸಲುವಾಗಿ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿದಾಗ, ಮಡದಿಯು ಮಕ್ಕಳನ್ನು ಕೊಡಲೊಪ್ಪದಿರಲು ತಂಗಿಯು ತನ್ನ ಮಗನನ್ನು ಮುಂದೆ ನಿಲ್ಲಿಸಿದಳೆಂದೂ, ಬದುಕಿ ಉಳಿದ ಆ ಬಾಲಕನೇ ಭೂತಾಳಪಾಂಡ್ಯನಾಗಿ ಬಾರಕೂರಿನಲ್ಲಿ ಆಳಿ, ಆಸ್ತಿಯು ಸೋದರಳಿಯಂದಿರಿಗೆ ಸಲ್ಲತಕ್ಕದ್ದೆಂದು ವಿಧಿಸಿದನೆಂದೂ ಐತಿಹ್ಯವುಂಟು. ಐತಿಹ್ಯವು ಹೇಗೇ ಇರಲಿ, ಇಂದು ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಾಗಿ ಹಂಚಿಹೋಗಿರುವ ಈ ಸೀಮೆಯ ಬಂಟರೂ ಬಿಲ್ಲವರೂ ಮೊಗವೀರರೂ ತಲೆಮಾರುಗಳ ಕಾಲ ನಡೆದುಕೊಂಡು ಬಂದುದು ಈ ಅಳಿಯಕಟ್ಟಿನಂತೆಯೇ. ಅದರ ದಾಯಕ್ರಮವನ್ನು ಕುರಿತು ನ್ಯಾಯವಾದಿಗಳು ಬಹಳ ಬರೆದಿದ್ದಾರೆ. ಬುದ್ಧಿ ಮಸುಕಾದ ಹಿರಿಯರನ್ನು ಅದು ಯಾರ ಕೈಗೆ ಒಪ್ಪಿಸಿತ್ತೆಂಬುದೇ ನನಗೆ ಮುಖ್ಯವಾಗಿ ತೋರುತ್ತದೆ.

ಕುಟುಂಬದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಮೂಲಮನೆಯಲ್ಲಿ ಅಶನವಸನಗಳ ಹಕ್ಕು ಜನ್ಮದಿಂದಲೇ ಇತ್ತು. ಗಂಡಾಗಲಿ ಹೆಣ್ಣಾಗಲಿ, ವಯಸ್ಸಿನಲ್ಲಿ ಹಿರಿಯರಾದವರೇ ಯಜಮಾನ ಅಥವಾ ಯಜಮಾನ್ತಿ; ಆ ಅಧಿಕಾರವು ಅಶಕ್ತರ ಕೈಯಿಂದ ಕಿರಿಯರ ಕೈಗೆ ಹೋದರೂ ಚಾವಡಿಯ ಮೂಲೆಯೂ ಹೊತ್ತಿನ ಗಂಜಿಯೂ ಹೋಗುತ್ತಿರಲಿಲ್ಲ. ಗಂಡನು ತೀರಿಕೊಂಡ ಮೇಲೆ ಹುಟ್ಟಿದ ಮನೆಗೆ ಮರಳಿದ ಹೆಂಗಸು, ಮುಪ್ಪಿನಲ್ಲಿ ಸಂಜೆಯಾಗುತ್ತಲೇ ‘ಮನಿಗ್ ಹೋತೆ’ ಎಂದು ಹಂಬಲಿಸಿದರೆ, ಅವಳು ನಿಂತ ಅಂಗಳವೇ ಅವಳ ಬಾಲ್ಯದ ಅಂಗಳವಾಗಿರುತ್ತಿತ್ತು. ಉಂಡುದನ್ನು ಮರೆತು ಮತ್ತೆ ಉಣ್ಣಲು ಕುಳಿತಾಗ, ಕತ್ತಲಲ್ಲಿ ಬಾವಿಕಟ್ಟೆಯ ಕಡೆಗೆ ನಡೆದಾಗ, ಹತ್ತಾರು ಕಣ್ಣುಗಳು ಅವಳ ಮೇಲಿದ್ದವು. ಹಳೆಯದನ್ನೆಲ್ಲ ಹೊಗಳುವ ಅಭಿಪ್ರಾಯ ನನ್ನದಲ್ಲ: ಕೋಣೆಗೆ ಅಗುಳಿ ಹಾಕಿ ಕೂಡಿಟ್ಟ ಮನೆಗಳೂ ಇದ್ದವು, ರೋಗವನ್ನು ದೈವದ ಉಪದ್ರವವೆಂದು ಬಗೆದವರೂ ಇದ್ದರು, ಮಲಮೂತ್ರ ಬಳಿಯುವ ಕೆಲಸವು ಹೆಂಗಸರ ಪಾಲಿಗೇ ಬೀಳುತ್ತಿತ್ತು. ಆದರೂ ಸರದಿಯ ಮೇಲೆ ಕಾಯುವಷ್ಟು ಜನರಿದ್ದರೆಂಬುದು ಸಣ್ಣ ಮಾತಲ್ಲ. ಮರೆವಿನ ಈ ವ್ಯಾಧಿಯಲ್ಲಿ ಮದ್ದಿಗಿಂತ ಹೆಚ್ಚಾಗಿ ಬೇಕಾಗುವುದು ಅದೇ.

ಎಲ್ಲರ ಒಪ್ಪಿಗೆಯಿಲ್ಲದೆ ಒಡೆಯಲಾಗದಿದ್ದ ಕುಟುಂಬವನ್ನು ಕವರುಗಳಾಗಿ, ಎಂದರೆ ಹೆಣ್ಣುಮೂಲದ ಕವಲುಗಳಾಗಿ, ಪಾಲು ಮಾಡಿಕೊಳ್ಳಲು 1949ರ ಮದರಾಸು ಅಳಿಯಸಂತಾನ ಅಧಿನಿಯಮವು ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಪಾಲನ್ನು ಮಕ್ಕಳ ಕಡೆಗೆ ತಿರುಗಿಸಿತು. 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯೇ ನಿಂತಿತು. ಗೇಣಿದಾರನಿಗೆ ಭೂಮಿ ದೊರೆತುದೂ ಮಕ್ಕಳಿಗೆ ತಂದೆಯ ಆಸ್ತಿ ದೊರೆತುದೂ ನ್ಯಾಯವೇ. ಆದರೆ ಗದ್ದೆ, ತೋಟ, ಪಾತ್ರೆಪರಡಿಗಳನ್ನು ಹಂಚಿದಂತೆ ಶುಶ್ರೂಷೆಯ ಹೊಣೆಯನ್ನು ಯಾರೂ ಹಂಚಲಿಲ್ಲ. ಕಿರಿಯರು ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೂ ಆಮೇಲೆ ಕೊಲ್ಲಿ ದೇಶಗಳಿಗೂ ಹೊರಟುಹೋದರು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಹೊಣೆಗಾರರನ್ನಾಗಿಸಿತು; ಮಕ್ಕಳಿಲ್ಲದ ಸೋದರಮಾವನ ಹೊಣೆಯು ಅಳಿಯನಿಗೆ ತಗಲುವುದು ಅವನ ಆಸ್ತಿಗೆ ಇವನು ವಾರಸುದಾರನಾಗಿದ್ದರೆ ಮಾತ್ರ. ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಎಡೆಯಾಗುವ ಆಶ್ರಮವನ್ನು ಸರಕಾರವು ಸ್ಥಾಪಿಸಬಹುದೆಂದು ಅದೇ ಅಧಿನಿಯಮವು ಹೇಳುತ್ತದೆ. ಅದು ಎಣಿಸಿದ್ದು ಬಡತನವನ್ನು, ಮರೆವನ್ನಲ್ಲ.

ಪರಸ್ಥಳದಲ್ಲಿರುವ ಮಗನಿಗೆ ಮರೆವು ಹಿಡಿದ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದಕ್ಕಿಂತ ಅಲ್ಲಿ ಉಳಿಸಿಕೊಳ್ಳುವುದೇ ಕಷ್ಟ. ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಿಗಾಗಿ ಕಟ್ಟಿದ ಮನೆಗಳಲ್ಲಿ, ರಾತ್ರಿಯೆಲ್ಲ ಅಲೆಯುವ, ಸ್ನಾನಕ್ಕೆ ಒಲ್ಲೆನೆಂದು ಕೈಯೆತ್ತುವ ಮುದುಕಿಯನ್ನು ಕಾಯುವ ಸಿಬ್ಬಂದಿಯಿರುವುದು ವಿರಳ; ಕೆಲವೇ ದಿನಗಳಲ್ಲಿ ಕರೆದೊಯ್ಯಬೇಕೆಂಬ ಕರೆ ಬರುತ್ತದೆ. ಈ ರೋಗಕ್ಕೆಂದೇ ಮೀಸಲಾದ ಕೇಂದ್ರಗಳು ಬೆಂಗಳೂರಿನಲ್ಲಿವೆ; ಆದರೆ ನಡುವಯಸ್ಸಿನಲ್ಲಿ ಕಲಿತ ಭಾಷೆಗಳೆಲ್ಲ ಮೊದಲು ಮಾಸಿ ಎಳವೆಯ ಕುಂದಗನ್ನಡವೊಂದೇ ನಾಲಗೆಯಲ್ಲಿ ಉಳಿದವಳಿಗೆ, ‘ಅಬ್ಬಿ ಎಲ್ಲಿತ್ತ್?’ (ಅಮ್ಮ ಎಲ್ಲಿ?) ಎಂಬ ಪ್ರಶ್ನೆಯ ಅರ್ಥವೇ ತಿಳಿಯದ ಪರಿಚಾರಿಕೆಯ ಕೈಯಲ್ಲಿ ಅಂಜಿಕೆ ಇಮ್ಮಡಿಯಾಗುತ್ತದೆ. ಆದುದರಿಂದ ಈ ಮೂರು ತಾಲೂಕುಗಳೊಳಗೇ, ಊರಿನ ಹೆಂಗಸರನ್ನು ಈ ಕೆಲಸಕ್ಕೆ ತರಬೇತಿಗೊಳಿಸಿ, ಮರ್ಯಾದೆಯ ಸಂಬಳವಿತ್ತು, ರಾತ್ರಿಯ ಪಾಳಿಗೂ ಸಾಕಷ್ಟು ಜನರನ್ನು ನಿಲ್ಲಿಸುವ ಮನೆಯೊಂದನ್ನು ಕಟ್ಟಬೇಕು. ಊರಿನ ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಮುಂಬಯಿಯಿಂದ ಕೈಬಿಚ್ಚಿ ಹಣ ಕಳುಹಿಸುವವರನ್ನು ಇದಕ್ಕಾಗಿಯೂ ಕೇಳಲು ಸಂಕೋಚಪಡಬೇಕಾದುದಿಲ್ಲ.