ಬ್ರೌನ್ಸ್‌ವಿಲ್ ಸೈನಿಕರ ವಜಾ ಮತ್ತು ಅದರ ತಿದ್ದುಪಡಿ

೧೯೦೬ರ ಆಗಸ್ಟ್ ತಿಂಗಳ ಒಂದು ರಾತ್ರಿ ಅಮೆರಿಕದ ಬ್ರೌನ್ಸ್‌ವಿಲ್ ಪಟ್ಟಣದಲ್ಲಿ ಗುಂಡು ಹಾರಿ ಒಬ್ಬನು ಮೃತನಾದನು. ಆರೋಪವು ೨೫ನೆಯ ಪದಾತಿದಳದ ಕರಿಯ ಸೈನಿಕರ ಮೇಲೆ ಬಂದಿತು. ಅಪರಾಧಿಗಳಾರೆಂಬುದನ್ನು ಅವರಲ್ಲಿ ಯಾರೂ ಹೇಳದಿರಲು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ನವೆಂಬರಿನಲ್ಲಿ ೧೬೭ ಮಂದಿಯನ್ನು ನ್ಯಾಯವಿಚಾರಣೆಯಿಲ್ಲದೆ ಗೌರವರಹಿತವಾಗಿ ವಜಾಮಾಡಿದನು. ಮೌನವೇ ಒಳಸಂಚಿಗೆ ಸಾಕ್ಷ್ಯವೆನಿಸಿತು. ೧೯೧೦ರಲ್ಲಿ ಸೈನಿಕ ವಿಚಾರಣಾ ಮಂಡಲಿಯು ೧೪ ಮಂದಿಯನ್ನು ಮಾತ್ರ ಪುನಃ ಸೇರಲು ಅರ್ಹರೆಂದಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಆರೋಪವು ನ್ಯಾಯಾಲಯವನ್ನೇ ಕಾಣದಿದ್ದಾಗ ನಿರ್ದೋಷಿಯೆನಿಸಿಕೊಳ್ಳಲು ಮಾರ್ಗವೆಲ್ಲಿ? ಕೊನೆಗೆ ೧೯೭೨ರಲ್ಲಿ ಸೇನೆಯು ದಾಖಲೆಯನ್ನು ತಿದ್ದಿ ಗೌರವಪೂರ್ವಕ ಬಿಡುಗಡೆಯನ್ನಿತ್ತಿತು. ಆ ವೇಳೆಗೆ ಬಹುತೇಕರು ಗತಿಸಿದ್ದರು. ಬದುಕುಳಿದಿದ್ದ ಡಾರ್ಸಿ ವಿಲ್ಲಿಸನಿಗೆ ಬಳಿಕ ೨೫,೦೦೦ ಡಾಲರ್ ಪರಿಹಾರ ದೊರೆಯಿತು. ಶಿಕ್ಷೆಗೆ ಮೂರು ತಿಂಗಳು ಸಾಕಾಯಿತು. ಅದರ ತಿದ್ದುಪಡಿಗೆ ೬೬ ವರ್ಷಗಳು ಬೇಕಾದುವು.